ಆಕ್ಟಿವ್ ಪಿಕಪ್‌ಗೆ 18 ವೋಲ್ಟ್: ಏನು ಬದಲಾಗುತ್ತದೆ, ವೈರಿಂಗ್ ಹೇಗೆ

ಇನ್ನೊಂದು ಬ್ಯಾಟರಿ ಸೇರಿಸಿದರೆ ಗಿಟಾರ್ ಸದ್ದು ಜೋರಾಗುತ್ತದೆ ಎಂದುಕೊಂಡು ಈ ಕೆಲಸಕ್ಕೆ ಕೈಹಾಕುವವರೇ ಹೆಚ್ಚು. ಜೋರಾಗುವುದಿಲ್ಲ. ಪಿಕಪ್ ಎಂದರೆ ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಭಾಗ, ಬ್ಯಾಟರಿಯಿಂದ ನಡೆಯುವುದು ಆಕ್ಟಿವ್. ಆಕ್ಟಿವ್ ಪಿಕಪ್‌ನ ಕಾಯಿಲ್‌ಗೆ ಸುತ್ತು ಕಡಿಮೆ, ಅದರಲ್ಲಿ ಹುಟ್ಟುವ ಸಿಗ್ನಲ್ ಸಣ್ಣದು. ಅದನ್ನು ಹಿಗ್ಗಿಸುವುದು ಪಿಕಪ್ ಒಳಗೇ ಕೂತಿರುವ ಪುಟ್ಟ ಪ್ರೀಆಂಪ್. ರಾಬ್ ಟರ್ನರ್ 1976ರಲ್ಲಿ ಶುರುಮಾಡಿದ ಕಂಪನಿ, ಅಂದರೆ ಇವತ್ತಿನ ಇಎಂಜಿ, ಹೆಸರು ಮಾಡಿದ್ದೇ ಈ ವಿನ್ಯಾಸದಿಂದ. ಪ್ರೀಆಂಪ್ ಎಷ್ಟು ಪಟ್ಟು ಹಿಗ್ಗಿಸಬೇಕು ಎನ್ನುವುದನ್ನು ಒಳಗಿನ ರೆಸಿಸ್ಟರ್‌ಗಳು ಗೊತ್ತುಮಾಡುತ್ತವೆ, ಬ್ಯಾಟರಿ ಅಲ್ಲ. ಬ್ಯಾಟರಿ ಗೊತ್ತುಮಾಡುವುದು ಸಿಗ್ನಲ್ ಎಲ್ಲಿಯವರೆಗೆ ಏರಬಹುದು ಎಂಬ ಮಿತಿಯನ್ನು. ಮನೆಯ ಸೂರು ಎತ್ತರಿಸಿದರೆ ಒಳಗಿರುವವರು ಉದ್ದವಾಗುವುದಿಲ್ಲ, ತಲೆ ತಾಗುವುದು ನಿಲ್ಲುತ್ತದೆ, ಅಷ್ಟೆ.

ಲೆಕ್ಕ ಹೀಗೆ. 9 ವೋಲ್ಟ್ ಸಪ್ಲೈಯಲ್ಲಿ ಸಿಗ್ನಲ್ 4.5 ವೋಲ್ಟ್ ನಡುಗೆರೆಯ ಮೇಲೂ ಕೆಳಗೂ ಆಡುತ್ತದೆ. ಪ್ರೀಆಂಪ್‌ನ ಚಿಪ್ ಆದ ಆಪ್-ಆಂಪ್ ಎರಡೂ ತುದಿಗಳಲ್ಲಿ ಸ್ವಲ್ಪ ಬಿಟ್ಟುಕೊಡುತ್ತದೆ. ಅದನ್ನು ತಲಾ 1 ವೋಲ್ಟ್ ಎಂದಿಟ್ಟುಕೊಂಡರೆ ಉಳಿಯುವುದು ಆಚೀಚೆ 3.5 ವೋಲ್ಟ್. ಬ್ಯಾಟರಿ 7 ವೋಲ್ಟ್‌ಗೆ ಇಳಿದಾಗ ಅದು 2.5 ಆಗುತ್ತದೆ. 18 ವೋಲ್ಟ್ ಕೊಟ್ಟರೆ 8 ಆಗುತ್ತದೆ, ಅಂದರೆ ಸುಮಾರು 7 ಡೆಸಿಬೆಲ್ ಹೆಚ್ಚು ಹೆಡ್‌ರೂಮ್ (ಮಿತಿಗೆ ತಾಗದೆ ಏರಲು ಇರುವ ಜಾಗ). ಪಿಕ್ ತಂತಿಗೆ ಬಡಿದ ಮೊದಲ ಕ್ಷಣದ ಏಟು ಸರಾಸರಿ ಮಟ್ಟಕ್ಕಿಂತ ತುಂಬ ಮೇಲೆ ಹಾರುತ್ತದೆ. ಅದು ಮಿತಿಗೆ ಬಡಿದು ಚಪ್ಪಟೆಯಾದರೆ ಕಿವಿಗೆ 'ಒತ್ತಿ ಹಿಡಿದಂಥ' ಸದ್ದು. ಆಕ್ಟಿವ್ ಪಿಕಪ್‌ನ ಸದ್ದಿಗೆ ಜೀವವಿಲ್ಲ ಎಂಬ ದೂರಿನ ಒಂದು ಪಾಲು ಇಲ್ಲಿಂದ ಬರುತ್ತದೆ.

ಹಾಗಾಗಿ ಲಾಭ ಯಾರಿಗೆ? ಕ್ಲೀನ್ ಟೋನ್‌ನಲ್ಲಿ ಗಟ್ಟಿಯಾಗಿ ಬಾರಿಸುವವರಿಗೆ, ಫಂಕ್ ನುಡಿಸುವವರಿಗೆ, ಬಾಸ್‌ನಲ್ಲಿ ಸ್ಲ್ಯಾಪ್ ಹೊಡೆಯುವವರಿಗೆ. ಹೈ-ಗೇನ್ ಮೆಟಲ್‌ನಲ್ಲಿ ಮುಂದಿನ ಆಂಪ್ ಹೇಗೂ ಎಲ್ಲವನ್ನೂ ಕತ್ತರಿಸುತ್ತದೆ, ಅಲ್ಲಿ ವ್ಯತ್ಯಾಸ ಹುಡುಕುವುದು ವ್ಯರ್ಥ.

ಗಿಟಾರ್ ಬಿಚ್ಚುವ ಮೊದಲು ಪರೀಕ್ಷೆ ಮಾಡಿ. ಹೊಸ ಆಲ್ಕಲೈನ್ ಬ್ಯಾಟರಿ ಹಾಕಿ ಆಡಿಯೊ ಇಂಟರ್‌ಫೇಸ್‌ಗೆ (ಗಿಟಾರನ್ನು ಕಂಪ್ಯೂಟರ್‌ಗೆ ಸೇರಿಸುವ ಪೆಟ್ಟಿಗೆ) ನೇರ ಕೊಡಿ. ನೀವು ಬಾರಿಸಬಲ್ಲ ಅತಿ ಜೋರಿಗೂ ಇಂಟರ್‌ಫೇಸ್‌ನ ಕೆಂಪು ದೀಪ ಹತ್ತದಂತೆ ಗೇನ್ ಇಳಿಸಿ ರೆಕಾರ್ಡ್ ಮಾಡಿ. ಅಲೆಯನ್ನು ಹಿಗ್ಗಿಸಿ ಪ್ರತಿ ಏಟಿನ ಮೊದಲ 20 ಮಿಲಿಸೆಕೆಂಡ್ ನೋಡಿ. ಶಿಖರಗಳು ಚೂಪಾಗಿದ್ದರೆ ನಿಮ್ಮ ಕೈ 9 ವೋಲ್ಟ್‌ನ ಮಿತಿ ಮುಟ್ಟಿಯೇ ಇಲ್ಲ, ಹಣ ಉಳಿಯಿತು. ಹಲವು ಶಿಖರಗಳು ಒಂದೇ ಎತ್ತರದಲ್ಲಿ ಕತ್ತಿಯಿಂದ ಸವರಿದಂತೆ ನಿಂತಿದ್ದರೆ ಮೊದಲು ಪಿಕಪ್ಪನ್ನು ತಂತಿಯಿಂದ 1 ಮಿ.ಮೀ. ಕೆಳಗಿಳಿಸಿ ಮತ್ತೆ ನೋಡಿ. ಎಷ್ಟೋ ಗಿಟಾರ್‌ಗಳ ಕಾಯಿಲೆ ಒಂದು ಸ್ಕ್ರೂಡ್ರೈವರ್‌ಗೇ ವಾಸಿಯಾಗುತ್ತದೆ. ಅದರಿಂದಲೂ ಆಗದಿದ್ದರೆ ಮಾತ್ರ ಮುಂದಕ್ಕೆ.

ಸಾಮಾನು ಹೆಚ್ಚೇನಿಲ್ಲ: 9 ವೋಲ್ಟ್ ಬ್ಯಾಟರಿ ಸ್ನ್ಯಾಪ್ ಒಂದು (ಇನ್ನೊಂದು ಗಿಟಾರ್‌ನಲ್ಲೇ ಇದೆ), ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ತಾಗಿದರೆ ಕುಗ್ಗಿ ಜಾಯಿಂಟನ್ನು ಮುಚ್ಚುವ ಕೊಳವೆ), 100 ಮೈಕ್ರೊಫ್ಯಾರಡ್ 35 ವೋಲ್ಟ್‌ನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, 1ಎನ್5819 ಡಯೋಡ್, 25 ವಾಟ್‌ನ ಸೋಲ್ಡರಿಂಗ್ ಐರನ್. ಇವೆಲ್ಲ ಸಿಗುವ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಮುಂಬೈಯಲ್ಲಿ ಗ್ರಾಂಟ್ ರೋಡ್ ಸ್ಟೇಷನ್‌ನ ಪೂರ್ವಕ್ಕೆ ಇಳಿದರೆ ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಾದರೆ ಬುಧವಾರ ಪೇಟೆಯ ತಪಕೀರ್ ಗಲ್ಲಿ. ಬ್ಯಾಟರಿ ಕೊಳ್ಳುವಾಗ ಮಾತ್ರ ಹುಷಾರು. '9 ವೋಲ್ಟ್ ಬ್ಯಾಟರಿ' ಎಂದಷ್ಟೇ ಕೇಳಿದರೆ ಅಗ್ಗದ ಕಾರ್ಬನ್-ಜಿಂಕ್ ಕೈಗೆ ಬರುತ್ತದೆ, ಮೈಮೇಲೆ 6ಎಫ್22 ಎಂದಿರುತ್ತದೆ. ಬೇಕಾದದ್ದು ಆಲ್ಕಲೈನ್, 6ಎಲ್‌ಆರ್61. ಯುಎಸ್‌ಬಿಯಿಂದ ಚಾರ್ಜ್ ಆಗುವ ಲಿಥಿಯಂ ಬ್ಯಾಟರಿ ಬೇಡ. ಅದರಲ್ಲಿ ಹಲವುಗಳ ಹೊಟ್ಟೆಯಲ್ಲಿ ಸ್ವಿಚಿಂಗ್ ಕನ್ವರ್ಟರ್ ಇರುತ್ತದೆ. ಪಿಕಪ್ ಎಳೆಯುವ ಕರೆಂಟ್ ತೀರಾ ಕಡಿಮೆಯಾದ್ದರಿಂದ ಅದು ಬಿಟ್ಟುಬಿಟ್ಟು ಕೆಲಸ ಮಾಡುತ್ತದೆ, ಆ ಮಿಡಿತ ಸಣ್ಣ ಶಿಳ್ಳೆಯಾಗಿ ಸ್ಪೀಕರ್‌ನಲ್ಲಿ ಕೇಳಿಸುತ್ತದೆ.

ಪಿಕಪ್ ತಡೆದುಕೊಳ್ಳುತ್ತದೆಯೇ ಎಂಬುದನ್ನು ಅದರ ಡೇಟಾಶೀಟ್‌ನಲ್ಲೇ ಓದಬೇಕು. ಇಎಂಜಿ 81, 85 ಮಾದರಿಗಳಿಗೆ ಗರಿಷ್ಠ 27 ವೋಲ್ಟ್, ಆದ್ದರಿಂದ ಚಿಂತೆಯಿಲ್ಲ. ಹೊಸ ಆಲ್ಕಲೈನ್ ಒಂದೊಂದೂ 9.5 ವೋಲ್ಟ್‌ನಷ್ಟು ಇರುವುದರಿಂದ ನಿಜಕ್ಕೂ ಬೀಳುವುದು 19. ಗಿಟಾರ್‌ನಲ್ಲಿ ಬೇರೆ ಪ್ರೀಆಂಪ್ ಬೋರ್ಡ್ ಇದ್ದರೆ ಅದರ ಎಲೆಕ್ಟ್ರೊಲಿಟಿಕ್‌ಗಳ ಮೈಮೇಲಿನ ಅಂಕಿ ನೋಡಿ. 16 ವೋಲ್ಟ್ ಎಂದಿದ್ದರೆ 35ರದ್ದಕ್ಕೆ ಬದಲಿಸದೆ ಸಪ್ಲೈ ಏರಿಸಬಾರದು.

ಈಗ ವೈರಿಂಗ್. ಆಕ್ಟಿವ್ ಗಿಟಾರ್‌ನಲ್ಲಿ ಸ್ಟೀರಿಯೊ ಜ್ಯಾಕ್ ಇರುತ್ತದೆ. ಅದಕ್ಕೆ ಮೂರು ಕಾಂಟ್ಯಾಕ್ಟ್: ತುದಿಯ ಟಿಪ್, ನಡುವಿನ ರಿಂಗ್, ಬುಡದ ಸ್ಲೀವ್ (ಗ್ರೌಂಡ್). ಬ್ಯಾಟರಿಯ ಕಪ್ಪು ವೈರು ಜ್ಯಾಕ್‌ನ ರಿಂಗ್‌ಗೆ ಹೋಗಿರುತ್ತದೆ. ಮೋನೊ ಪ್ಲಗ್ ತೂರಿದಾಗ ಅದು ರಿಂಗನ್ನೂ ಸ್ಲೀವನ್ನೂ ಸೇರಿಸಿ ಸರ್ಕ್ಯೂಟ್ ಪೂರ್ಣಗೊಳಿಸುತ್ತದೆ. ಈ ಕಪ್ಪು ವೈರಿನ ಜೋಡಣೆಯನ್ನು ಮುಟ್ಟಬೇಡಿ; ಈ ಬ್ಯಾಟರಿಯೇ ಮುಂದೆ 'ಎರಡನೆಯದು', ಹೊಸ ಸ್ನ್ಯಾಪ್‌ನದು 'ಮೊದಲನೆಯದು'. ಮೊದಲ ಬ್ಯಾಟರಿಯ ಕೆಂಪು ಡಯೋಡ್ ಮೂಲಕ ಪಿಕಪ್‌ಗಳ ಕೆಂಪು ವೈರಿಗೆ, ಡಯೋಡ್‌ನ ಬಿಳಿ ಗೆರೆ ಪಿಕಪ್ ಕಡೆಗೆ. ಮೊದಲನೆಯದರ ಕಪ್ಪು ಎರಡನೆಯದರ ಕೆಂಪಿಗೆ. ಎರಡನೆಯದರ ಕಪ್ಪು ಜ್ಯಾಕ್‌ನ ರಿಂಗ್‌ಗೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿದರೆ ಅದು ಪ್ಯಾರಲಲ್: ಆಯುಷ್ಯ ಹೆಚ್ಚುತ್ತದೆ, ವೋಲ್ಟೇಜ್ 9ರಲ್ಲೇ ಇರುತ್ತದೆ.

ನಡುವಿನ ಆ ಜಾಯಿಂಟ್ ಬಗ್ಗೆ ಒಂದು ಮಾತು. ಕ್ಯಾವಿಟಿಗೆ (ವೈರಿಂಗ್ ಇರುವ ಗಿಟಾರ್‌ನ ಒಳಗುಳಿಗೆ) ತಾಮ್ರದ ಹಾಳೆ ಅಥವಾ ಕಪ್ಪು ಶೀಲ್ಡಿಂಗ್ ಬಣ್ಣ ಹಚ್ಚಿರುತ್ತದೆ, ಅದು ಗ್ರೌಂಡ್. ಬತ್ತಲೆ ಜಾಯಿಂಟ್ ಅದಕ್ಕೆ ತಾಗಿದರೆ, ಪ್ಲಗ್ ಹಾಕಿದ ಕೂಡಲೇ ಎರಡನೆಯ ಬ್ಯಾಟರಿ ಶಾರ್ಟ್. ತಮಾಷೆಯೆಂದರೆ ಗಿಟಾರ್ ನುಡಿಯುತ್ತಲೇ ಇರುತ್ತದೆ, ಏಕೆಂದರೆ ಮೊದಲನೆಯ ಬ್ಯಾಟರಿಯ 9 ವೋಲ್ಟ್ ತಲುಪುತ್ತಿರುತ್ತದೆ. ಹಿಂದಿನ ಮುಚ್ಚಳ ಬೆಚ್ಚಗಾದಾಗಲೇ ಗೊತ್ತಾಗುವುದು. ಹೀಟ್ ಶ್ರಿಂಕ್ ಇಲ್ಲದೆ ಮುಚ್ಚಳ ಹಾಕಬೇಡಿ. ಬ್ಯಾಟರಿಯ ಅಳತೆ 48.5 × 26.5 × 17.5 ಮಿ.ಮೀ. ಎರಡೂ ಕೂರುತ್ತವೆಯೇ ಎಂದು ಮೊದಲೇ ಅಳೆದು, ನಡುವೆ ಫೋಮ್ ಇಡಿ.

ಕೆಪಾಸಿಟರ್‌ನ ಪ್ಲಸ್ ಪಿಕಪ್‌ಗಳ ಕೆಂಪು ವೈರಿಗೆ, ಮೈನಸ್ ಸ್ಲೀವ್‌ಗೆ, ರಿಂಗ್‌ಗಲ್ಲ. ರಿಂಗ್‌ಗೆ ಹಾಕಿದರೆ ಪ್ಲಗ್ ತೆಗೆದರೂ ಅದರ ಸೋರಿಕೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಹೊಸ ಬ್ಯಾಟರಿಯಲ್ಲಿ ಈ ಕೆಪಾಸಿಟರ್‌ನ ಪ್ರಭಾವ ಕೇಳಿಸುವುದಿಲ್ಲ. ಬ್ಯಾಟರಿ ಹಳತಾಗಿ ಒಳರೋಧ ಏರಿದಾಗ ಸ್ವಲ್ಪ ಆಸರೆ ಕೊಡುತ್ತದೆ. ಇದನ್ನು ಬಿಟ್ಟರೂ ನಷ್ಟವಿಲ್ಲ, ಡಯೋಡ್ ಬಿಡಬೇಡಿ: ಕತ್ತಲ ಸ್ಟೇಜ್‌ನಲ್ಲಿ ಸ್ನ್ಯಾಪ್ ಉಲ್ಟಾ ತಾಗಿಸಿದಾಗ ಪಿಕಪ್ಪನ್ನು ಕಾಯುವುದು ಅದೇ.

ಮುಗಿದ ಮೇಲೆ ಪ್ಲಗ್ ಹಾಕಿ ಕೆಂಪು ವೈರು ಮತ್ತು ಗ್ರೌಂಡ್ ನಡುವೆ ಅಳೆಯಿರಿ. 18ರಿಂದ 19 ಬಂದರೆ ಸರಿ. 9 ಬಂದರೆ ಪ್ಯಾರಲಲ್ ಆಗಿದೆ ಅಥವಾ ನಡು ಜಾಯಿಂಟ್ ಗ್ರೌಂಡ್‌ಗೆ ತಾಗಿದೆ. ಸೊನ್ನೆ ಬಂದರೆ ಕೇಬಲ್ ನೋಡಿ: ಸ್ಟೀರಿಯೊ ಪ್ಲಗ್ ಹಾಕಿದರೆ ರಿಂಗ್ ಸ್ಲೀವ್‌ಗೆ ಸೇರುವುದೇ ಇಲ್ಲ. ಆಮೇಲೆ ಒಂದು ಬ್ಯಾಟರಿಯ ಸ್ನ್ಯಾಪ್ ಅರ್ಧ ತಿರುಗಿಸಿ, ಖಾಲಿ ಬಿದ್ದ ತುದಿಗಳ ನಡುವೆ ಹಳದಿ ಮಲ್ಟಿಮೀಟರನ್ನು 2000 ಮೈಕ್ರೊಆಂಪ್ ರೇಂಜ್‌ನಲ್ಲಿ ಇಡಿ. ಇಎಂಜಿ 81 ಒಂದಕ್ಕೆ 80ರ ಆಸುಪಾಸು, ಎರಡು ಪಿಕಪ್‌ಗೆ 160. ಪ್ಲಗ್ ಎಳೆದಾಗ ಸೊನ್ನೆಗೆ ಇಳಿಯಲೇಬೇಕು.

ಎರಡು ಬ್ಯಾಟರಿ ಎಂದು ಆಯುಷ್ಯ ಇಮ್ಮಡಿಯಾಗದು, ಒಂದೇ ಕರೆಂಟ್ ಎರಡರಲ್ಲೂ ಹರಿಯುತ್ತದೆ. ಬದಲಿಸುವಾಗ ಜೋಡಿಯಾಗಿಯೇ ಬದಲಿಸಿ. ಒಂದು ಹೊಸದು, ಒಂದು ಹಳತು ಸೇರಿಸಿದರೆ ಹಳತು ಪೂರ್ತಿ ಬರಿದಾದ ಮೇಲೂ ಹೊಸದು ಅದರೊಳಗೆ ಕರೆಂಟ್ ನೂಕಿ ಉಲ್ಟಾ ತಿರುಗಿಸುತ್ತದೆ, ಅದು ಸೋರಿ ಕ್ಯಾವಿಟಿ ಹಾಳು.

ಬ್ಯಾಟರಿ ಖರ್ಚು ತಪ್ಪಿಸಲು ಮೇನ್ಸ್ ಅಡಾಪ್ಟರ್‌ನಿಂದ 18 ವೋಲ್ಟ್ ತರುವವರಿದ್ದಾರೆ. ಅರ್ತಿಂಗ್ ಇಲ್ಲದ ಹಳೆಯ ಚಾಳ್, ಪೆಂಡಾಲ್‌ಗಳಲ್ಲಿ ಅಡಾಪ್ಟರ್‌ನ ಸೋರಿಕೆ ಗಿಟಾರ್‌ನ ಗ್ರೌಂಡ್‌ಗೆ ಬಂದು ಹಮ್ ಕೇಳಿಸುತ್ತದೆ, ಬೆರಳಿಗೂ ಚುರುಗುಟ್ಟಬಹುದು. ಬ್ಯಾಟರಿಯೇ ಲೇಸು.

18 ವೋಲ್ಟ್ ಆದ ಮೇಲೆ ಸದ್ದು ಕೆಟ್ಟಿತು ಎನಿಸಿದರೆ ತಪ್ಪು ಗಿಟಾರ್‌ನದಲ್ಲ, ಮುಂದಿನ ಪೆಡಲ್‌ನದು ಇರಬಹುದು. 9 ವೋಲ್ಟ್‌ನ ಬಫರ್ ಪೆಡಲ್‌ಗೆ (ಸಿಗ್ನಲ್‌ನ ಬಲ ಕುಂದದಂತೆ ಕಾಯುವ ಪೆಡಲ್) ಅದೇ ಹಳೆಯ ಮಿತಿ ಇದೆ, ನೀವು ಬಿಡಿಸಿಕೊಂಡ ಶಿಖರ ಅಲ್ಲಿ ಕತ್ತರಿಸಿ ಹೋಗುತ್ತದೆ. ಗರಿಷ್ಠ ಇನ್‌ಪುಟ್ 12 ಡಿಬಿಯು (ಸಿಗ್ನಲ್ ಮಟ್ಟದ ಅಳತೆ) ಇರುವ ಇಂಟರ್‌ಫೇಸ್ ಕೂಡ 4.4 ವೋಲ್ಟ್ ಶಿಖರದ ಆಚೆ ಕತ್ತರಿಸುತ್ತದೆ. ಗಿಟಾರ್‌ನ ವಾಲ್ಯೂಮ್ 7ಕ್ಕೆ ಇಳಿಸಿ ಪೆಡಲ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. 18 ವೋಲ್ಟ್ ತಾಳುವ ಪೆಡಲ್ಲನ್ನೇ ಸರಪಳಿಯ ಮೊದಲಲ್ಲಿ ಇಡಿ.

ಮಳೆಗಾಲದಲ್ಲಿ, ಗೋವಾದ ಕಡಲಂಚಿನಲ್ಲಾದರೆ ವರ್ಷವಿಡೀ, ಜ್ಯಾಕ್‌ನ ರಿಂಗ್ ಕಾಂಟ್ಯಾಕ್ಟ್ ಕಪ್ಪುಗಟ್ಟುತ್ತದೆ. ಪ್ಯಾಸಿವ್ ಗಿಟಾರ್‌ನಲ್ಲಿ ಆ ಕಾಂಟ್ಯಾಕ್ಟ್‌ಗೆ ಕೆಲಸವೇ ಇಲ್ಲ, ಇಲ್ಲಿ ಪೂರ್ತಿ ಸಪ್ಲೈ ಅದರ ಮೇಲೆ ನಿಂತಿದೆ. ಪ್ಲಗ್ ಅಲುಗಿದಾಗ 'ಟಪ್' ಎಂದು ಸದ್ದು ಸತ್ತು ಮತ್ತೆ ಬಂದರೆ ಪಿಕಪ್ ಬಿಚ್ಚಬೇಡಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ರಿಂಗ್ ಪತ್ತಿಯನ್ನು ಒರೆಸಿ, ಸಡಿಲವಾಗಿದ್ದರೆ ಮೂಗಿನ ಪ್ಲೈಯರ್‌ನಿಂದ ಕೂದಲೆಳೆಯಷ್ಟು ಒಳಕ್ಕೆ ಬಾಗಿಸಿ.