ಸ್ನಾತಕೋತ್ತರ: ಮುಂದಿನ ಪದ ಎಲ್ಲಿ?

ಕೋಲಾರದ ಡೂಂಲೈಟ್ ವೃತ್ತದ ಬಳಿ ಪ್ರವೇಶಾತಿಯ ಫ್ಲೆಕ್ಸ್‌ಗಳು ಏಳುವ ಕಾಲ ಬಂತೆಂದರೆ ‘ಸ್ನಾತಕೋತ್ತರ’ ಎಂಬ ಪದಕ್ಕೆ ಕೇಡುಗಾಲ. ಈ ಸಲ ಕಂಡ ಒಂದರಲ್ಲಿ ‘ಒಂದೇ ವರ್ಷದಲ್ಲಿ ಸ್ನಾತಕೋತ್ತರರಾಗಿ’ ಎಂದು ಮೊಳದುದ್ದದ ಅಕ್ಷರಗಳಿದ್ದವು. ಕೆಳಗೆ, ಕಣ್ಣು ಕಿರಿದು ಮಾಡಿ ಓದಬೇಕಾದ ಗಾತ್ರದಲ್ಲಿ, ಬಿಸಿನೆಸ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಎಂದಿತ್ತು. ಬರೆಸಿದವರು ಸುಳ್ಳು ಹೇಳಿಲ್ಲ. ಓದಿದವರು ‘ಪದವಿ’ ಎಂಬುದನ್ನು ತಾವೇ ಸೇರಿಸಿಕೊಳ್ಳುತ್ತಾರೆ ಎಂಬ ಭರವಸೆಯಿಂದ ಬರೆಸಿದ್ದಾರೆ, ಅಷ್ಟೆ. ಜನ ಸೇರಿಸಿಕೊಳ್ಳುತ್ತಲೂ ಇದ್ದಾರೆ. ನೌಕರಿ ಅರ್ಜಿಯ ‘ಸ್ನಾತಕೋತ್ತರ ಪದವಿ’ ಅಂಕಣದಲ್ಲಿ ಡಿಪ್ಲೊಮಾ ತುಂಬಿ, ದಾಖಲೆ ಪರಿಶೀಲನೆಯ ದಿನ ಗುಮಾಸ್ತರ ಮೇಲೆ ರೇಗುವವರು ಈ ವರ್ಗದವರೇ.

ಪದವನ್ನು ಬಿಡಿಸಿ ನೋಡೋಣ. ಸ್ನಾತ ಎಂದರೆ ಮಿಂದವನು. ಗುರುಕುಲದ ಓದು ಮುಗಿದ ಬ್ರಹ್ಮಚಾರಿ ಸಮಾವರ್ತನದ ಸ್ನಾನ ಮಾಡಿ ಮನೆಗೆ ಹೊರಡುತ್ತಿದ್ದ. ಹಾಗೆ ಮಿಂದು ಹೊರಟವನು ಸ್ನಾತಕ. ಗೃಹ್ಯಸೂತ್ರಗಳಲ್ಲಿ ಸ್ನಾತಕರು ಮೂರು ಬಗೆ. ವೇದ ಕಲಿತು ಮುಗಿಸಿ ವ್ರತದ ಅವಧಿಯನ್ನು ಪೂರೈಸದವನು ವಿದ್ಯಾಸ್ನಾತಕ. ಅವಧಿ ಪೂರೈಸಿ ಕಲಿಕೆ ಮುಗಿಸದವನು ವ್ರತಸ್ನಾತಕ. ಎರಡನ್ನೂ ಮುಗಿಸಿದವನು ವಿದ್ಯಾವ್ರತಸ್ನಾತಕ. ಹಾಜರಾತಿ ಭರ್ತಿ ಮಾಡಿ ಬ್ಯಾಕ್‌ಲಾಗ್ ಉಳಿಸಿಕೊಂಡವರಿಗೆ ‘ವ್ರತಸ್ನಾತಕ’ದಷ್ಟು ಮರ್ಯಾದೆಯ ಹೆಸರನ್ನು ಆಮೇಲೆ ಯಾರೂ ಕೊಟ್ಟಿಲ್ಲ.

ಸ್ನಾತಕಕ್ಕೆ ಉತ್ತರ ಸೇರಿದರೆ, ಗುಣಸಂಧಿಯಾಗಿ, ಸ್ನಾತಕೋತ್ತರ. ಇಲ್ಲಿ ‘ಉತ್ತರ’ ಎಂದರೆ ಅನಂತರದ್ದು. ಉತ್ತರಾರ್ಧ, ಉತ್ತರಾಧಿಕಾರಿ, ಮರಣೋತ್ತರ ಪರೀಕ್ಷೆಗಳಲ್ಲಿ ಇರುವುದು ಇದೇ. ನಮ್ಮೂರಿನ ಟಮಕದಲ್ಲಿ 2017ರಲ್ಲಿ ಶುರುವಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ‘ಉತ್ತರ’ ದಿಕ್ಕಿನ ಉತ್ತರ. (ಕೋಲಾರ ಇರುವುದು ಬೆಂಗಳೂರಿನ ಪೂರ್ವಕ್ಕೆ ಎಂಬುದು ಬೇರೆ ಮಾತು.) ಹೀಗಾಗಿ ‘ಸ್ನಾತಕೋತ್ತರ’ ಎಂಬ ವಿಶೇಷಣ ತಿಳಿಸುವುದು ಒಂದನ್ನೇ: ಇದು ಮೊದಲ ಪದವಿ ಆದಮೇಲಿನ ಓದು. ಆ ಓದು ಎರಡು ವರ್ಷದ್ದೋ ಆರು ತಿಂಗಳಿನದ್ದೋ, ಕೈಗೆ ಬರುವುದು ಪದವಿಯೋ ಡಿಪ್ಲೊಮಾವೋ ಬರೀ ಪ್ರಮಾಣಪತ್ರವೋ ಎಂಬುದನ್ನು ಅದರ ಮುಂದಿನ ಪದ ಹೇಳಬೇಕು. ಆ ಮುಂದಿನ ಪದವನ್ನೇ ಎಲ್ಲರೂ ನುಂಗುತ್ತಿರುವುದು. ‘ಪಿಜಿ ಮಾಡಿದ್ದೇನೆ’ ಎನ್ನುವುದೂ ಇದೇ ನುಂಗಾಟ. ಬೆಂಗಳೂರಿನಲ್ಲಿ ಹಾಗೆಂದರೆ ಬಾಡಿಗೆ ಎಷ್ಟೆಂದು ಕೇಳಿಯಾರು.

ಪದವಿ ಮತ್ತು ಡಿಪ್ಲೊಮಾಗಳ ನಡುವಿನ ಗೆರೆ ಎಳೆದಿರುವುದು ಕಾನೂನು. 1956ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಪದವಿ ಕೊಡುವ ಹಕ್ಕಿರುವುದು ಕೇಂದ್ರದ ಅಥವಾ ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯಕ್ಕೆ, ಪರಿಗಣಿತ (ಡೀಮ್ಡ್) ವಿಶ್ವವಿದ್ಯಾಲಯಕ್ಕೆ, ಇಲ್ಲವೇ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗೆ. ನಿಮ್ಮ ಮಗಳು ಓದುವ ಕಾಲೇಜು ಎಂಬಿಎ ಕೊಡುವುದಿಲ್ಲ. ಅದು ಪಾಠ ಹೇಳುತ್ತದೆ, ಶುಲ್ಕ ಪಡೆಯುತ್ತದೆ. ಎಂಬಿಎ ಕೊಡುವುದು ಅದು ಸಂಯೋಜನೆ ಪಡೆದಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವೋ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೋ (ವಿಟಿಯು). ಯಾವ ವಿಶ್ವವಿದ್ಯಾಲಯಕ್ಕೂ ಸೇರದೆ ಎಐಸಿಟಿಇಯ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಅನುಮೋದನೆಯಿಂದ ನಡೆಯುವ ಸ್ವತಂತ್ರ ಸಂಸ್ಥೆ ಎರಡು ವರ್ಷ ಅದೇ ವಿಷಯಗಳನ್ನು ಕಲಿಸಿದರೂ ಕೊಡಬಹುದಾದದ್ದು ಪಿಜಿಡಿಎಂ, ಅಂದರೆ ಸ್ನಾತಕೋತ್ತರ ಡಿಪ್ಲೊಮಾ.

ಹಾಗೆಂದು ಡಿಪ್ಲೊಮಾ ಎಂದ ಕೂಡಲೇ ಮೂಗು ಮುರಿಯುವವರಿಗೆ ಒಂದು ವಿಷಯ ತಿಳಿದಿರಲಿ. 1961ರಲ್ಲಿ ಕಲ್ಕತ್ತ, ಅಹಮದಾಬಾದ್, 1973ರಲ್ಲಿ ಬೆಂಗಳೂರು ಎಂದು ಐಐಎಂಗಳು, ಅಂದರೆ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಗಳು, ಹುಟ್ಟಿದವಲ್ಲ, ಅವು ದಶಕಗಳ ಕಾಲ ಒಬ್ಬರಿಗೂ ಎಂಬಿಎ ಕೊಡಲಿಲ್ಲ. ಅವು ನೋಂದಾಯಿತ ಸೊಸೈಟಿಗಳಾಗಿದ್ದವು; ಪದವಿ ಕೊಡುವ ಅಧಿಕಾರವೇ ಇರಲಿಲ್ಲ. ಪಿಎಚ್‌ಡಿ ಮಟ್ಟದ ಸಂಶೋಧನೆ ಮಾಡಿದವರಿಗೂ ಸಿಗುತ್ತಿದ್ದುದು ‘ಫೆಲೊ’ ಎಂಬ ಹೆಸರು. 2017ರ ಐಐಎಂ ಕಾಯ್ದೆ 2018ರ ಜನವರಿ 31ರಂದು ಜಾರಿಯಾದ ಮೇಲಷ್ಟೇ ಎಂಬಿಎ ಬಂದದ್ದು. ಅದಕ್ಕೂ ಹಿಂದೆ ‘ಐಐಎಂನಲ್ಲಿ ಎಂಬಿಎ ಮಾಡಿದವರು’ ಎಂದು ಪತ್ರಿಕೆಗಳು ಬರೆದ ದೊಡ್ಡ ದೊಡ್ಡವರ ಕೈಯಲ್ಲಿದ್ದದ್ದು ಡಿಪ್ಲೊಮಾ. ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ಎಂಬ ಮ್ಯಾನೇಜ್‌ಮೆಂಟ್ ಶಾಲೆ ಹೆಸರು ಮಾಡಿರುವುದೂ ಪಿಜಿಡಿಎಂನಿಂದಲೇ. ಡಿಪ್ಲೊಮಾ ಎಂಬ ಗ್ರೀಕ್ ಪದಕ್ಕೆ ‘ಎರಡಾಗಿ ಮಡಿಚಿದ್ದು’ ಎಂದಷ್ಟೇ ಅರ್ಥ. ಮಡಿಚಿದ ಕಾಗದದೊಳಗೆ ಯಾರ ರುಜು ಇದೆ ಎಂಬುದರ ಮೇಲೆ ಅದರ ಬೆಲೆ.

ಖಾಸಗಿ ಕಂಪನಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ. ಪಿಎಚ್‌ಡಿಗೆ, ಅಧ್ಯಾಪಕ ಹುದ್ದೆಗೆ, ಸರ್ಕಾರಿ ನೌಕರಿಗೆ ಹೋಗುವವರಿಗೆ ತಟ್ಟುತ್ತದೆ. ಪಿಜಿಡಿಎಂಗೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ತತ್ಸಮಾನ ಮಾನ್ಯತೆ ಇದೆಯೇ ಎಂಬ ಪ್ರಶ್ನೆ ಆಗ ಏಳುತ್ತದೆ. ಇದನ್ನು ಶುಲ್ಕ ಕಟ್ಟುವ ಮುಂಚೆ ಕೇಳಬೇಕು. ನಮ್ಮವರು ಕೇಳುವುದು ಸಂದರ್ಶನದ ಪತ್ರ ಬಂದ ಮೇಲೆ. ಇನ್ನು ಒಂದು ವರ್ಷ ಎಂದಾಕ್ಷಣ ಮೋಸ ಎನ್ನಲಾಗದು. ಕೆಲಸದ ಅನುಭವ ಇರುವವರಿಗೆಂದೇ ಒಂದು ವರ್ಷದ ಎಂಬಿಎ ಐಐಎಂಗಳಲ್ಲಿದೆ. ಡೂಂಲೈಟ್ ವೃತ್ತದ ಫ್ಲೆಕ್ಸ್ ಹೇಳುತ್ತಿದ್ದುದು ಅದನ್ನಲ್ಲ.

ಇಷ್ಟಾದ ಮೇಲೆ ಎಂಬಿಎ ಎನ್ನುವುದನ್ನೇ ‘ವ್ಯವಹಾರಕ್ಕೆ ಸಂಬಂಧಿಸಿದ ಸ್ನಾತಕೋತ್ತರ’ಕ್ಕೆ ಇನ್ನೊಂದು ಹೆಸರೆಂಬಂತೆ ಬಳಸುವವರ ವಿಚಾರ. ಹಾರ್ವರ್ಡ್ 1908ರಲ್ಲಿ ಎಂಬಿಎ ಶುರು ಮಾಡಿದಾಗ ಅದರ ಉದ್ದೇಶ ಯಾವ ಪದವೀಧರನನ್ನಾದರೂ ಆಡಳಿತಕ್ಕೆ ಸಜ್ಜು ಮಾಡುವುದಾಗಿತ್ತು. ಇಂದಿಗೂ ಬಿಎಸ್ಸಿ, ಬಿಎ, ಬಿಇ ಯಾರು ಬೇಕಾದರೂ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಸೇರಬಹುದು. ಎಂ.ಕಾಂ. ಹಾಗಲ್ಲ, ಅದು ಬಿ.ಕಾಂ.ನಂಥ ವಾಣಿಜ್ಯ ಪದವಿಯ ಮುಂದುವರಿಕೆ. ‘ಎರಡೂ ಒಂದೇ, ಎಂ.ಕಾಂ.ಗೆ ಶುಲ್ಕ ಕಡಿಮೆ’ ಎಂದು ಮಂಗಸಂದ್ರದ ಪಿಜಿ ಸೆಂಟರ್ ಕಡೆ ಮಗನನ್ನು ಕಳಿಸುವ ತಂದೆಯರೂ, ‘ಎಂ.ಕಾಂ. ಓದಿ ಏನು ಮಾಡುತ್ತೀಯ’ ಎಂದು ಸಾಲ ಮಾಡಿ ಎಂಬಿಎಗೆ ಸೇರಿಸುವ ಮಾವಂದಿರೂ ಸಮನಾಗಿ ದಾರಿ ತಪ್ಪಿಸುತ್ತಾರೆ. ಅಧ್ಯಾಪಕರ ಅರ್ಹತೆಗೆ ನಡೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ವಾಣಿಜ್ಯದ ಸಂಖ್ಯೆ 08, ಮ್ಯಾನೇಜ್‌ಮೆಂಟ್‌ನದು 17. ಎರಡೂ ಒಂದೇ ಆಗಿದ್ದರೆ ಎರಡು ಸಂಖ್ಯೆ ಏಕೆ? ಲೆಕ್ಕಪತ್ರ, ತೆರಿಗೆ, ಪಾಠ ಹೇಳುವುದು ಇಷ್ಟವಾದರೆ ಎಂ.ಕಾಂ. ನನ್ನ ಮಟ್ಟಿಗೆ ಒಳ್ಳೆಯ ಓದು. ಅದನ್ನು ಎಂಬಿಎ ಸಿಗದವರ ಗತಿ ಎಂದು ಆಡಿಕೊಳ್ಳುವುದು ಅನ್ಯಾಯ.

ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಈ ಪಟ್ಟಿಯಲ್ಲಿ ಯಾರಿಗೂ ನೆನಪಾಗದ್ದು. ನರಸಾಪುರ, ವೇಮಗಲ್‌ನ ಕಾರ್ಖಾನೆಗಳಲ್ಲಿ ಎಚ್‌ಆರ್ ಕೆಲಸ ಬೇಕೆನ್ನುವವರೆಲ್ಲ ಎಂಬಿಎ ಎನ್ನುತ್ತಾರೆ. ಐನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತ್ತು. ಆ ಕುರ್ಚಿಗೂ ಸಮಾಜಕಾರ್ಯ ಓದಿದವರಿಗೂ ಅಂದಿನಿಂದಲೇ ನಂಟು. ಸಿಎ ಅಂತೂ ಪದವಿಯೇ ಅಲ್ಲ, ವೃತ್ತಿಸಂಸ್ಥೆಯ ಸದಸ್ಯತ್ವ. ಆದರೂ 2021ರಲ್ಲಿ ಯುಜಿಸಿ ಅದನ್ನು ಸ್ನಾತಕೋತ್ತರ ಪದವಿಗೆ ಸಮ ಎಂದು ಪರಿಗಣಿಸಿತು. ಸಮ ಎಂದಿತೇ ಹೊರತು ಪದವಿ ಎನ್ನಲಿಲ್ಲ, ಗಮನಿಸಿ.

ಕಾಗುಣಿತದ ಮಾತೊಂದು ಉಳಿಯಿತು. ಅದೇ ಫ್ಲೆಕ್ಸ್‌ನಲ್ಲಿ ‘ಸ್ನಾತ್ತಕೋತರ’ ಎಂದೂ ಒಂದು ಕಡೆ ಅಚ್ಚಾಗಿತ್ತು. ಒತ್ತು ಇರಬೇಕಾದದ್ದು ‘ಉತ್ತರ’ದಲ್ಲಿ, ಸ್ನಾನದಲ್ಲಿ ಅಲ್ಲ.