ಲ್ಯಾಬ್‌ನಲ್ಲಿ ಮೂತ್ರಕೋಶ ಬೆಳೆಸಿದ ಮೇಲೂ ಕರುಳನ್ನೇ ಯಾಕೆ ಹೊಲಿಯುತ್ತಾರೆ?

ಪ್ರಶ್ನೆ: ಲ್ಯಾಬ್‌ನಲ್ಲಿ ಮೂತ್ರಕೋಶ ಬೆಳೆಸಿ ಮಕ್ಕಳಿಗೆ ಜೋಡಿಸಿದ್ದಾರೆ ಅಂತ ಎಷ್ಟೋ ವರ್ಷದ ಹಿಂದೆ ಓದಿದ್ದೆ. ಈಗ ನಮ್ಮ ಮನೆಯವರೊಬ್ಬರ ಮೂತ್ರಕೋಶ ದೊಡ್ಡದು ಮಾಡಬೇಕಾಗಿದೆ. ಡಾಕ್ಟರು ಕರುಳಿನ ತುಂಡು ಹಾಕುತ್ತೇವೆ ಎನ್ನುತ್ತಾರೆ. ಆ ಹೊಸ ವಿಧಾನ ಏನಾಯಿತು?

ಉತ್ತರ: ನೀವು ಓದಿದ್ದು ನಿಜ. ಆದರೆ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತಾ ಸ್ವಲ್ಪ ಉಬ್ಬಿದೆ.

2006ರಲ್ಲಿ ಅಮೆರಿಕದ ಸರ್ಜನ್ ಆಂಥನಿ ಅಟಾಲಾ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 7 ರೋಗಿಗಳ ವಿವರ ಬರೆದರು. ಎಲ್ಲರೂ 4ರಿಂದ 19 ವರ್ಷದವರು. ಹುಟ್ಟುವಾಗಲೇ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಂಡಿರಲಿಲ್ಲ, ಹಾಗಾಗಿ ಮೂತ್ರಕೋಶದ ಮೇಲೆ ನರಗಳ ಹಿಡಿತ ಇರಲಿಲ್ಲ. ಅಂಥ ಚೀಲ ಹಿಗ್ಗುವುದಿಲ್ಲ. ಒಳಗೆ ಒತ್ತಡ ಏರಿ ಕಿಡ್ನಿಗೇ ಪೆಟ್ಟು ಬೀಳುತ್ತದೆ.

ಮಾಡಿದ್ದು ಹೀಗೆ. ಅವರವರ ಮೂತ್ರಕೋಶದಿಂದಲೇ ಒಂದು ಚೂರು ತೆಗೆದರು. ಒಳಪದರದ ಜೀವಕೋಶ ಬೇರೆ, ಸ್ನಾಯುವಿನ ಜೀವಕೋಶ ಬೇರೆ ಮಾಡಿ ಬೆಳೆಸಿದರು. ಬಳ್ಳಿ ಹಬ್ಬಲು ಹಂದರ ಬೇಕಲ್ವಾ? ಇಲ್ಲೂ ಅಷ್ಟೇ. ಕೊಲಾಜೆನ್ ಎಂಬ ಪ್ರೋಟೀನ್‌ನಿಂದ, ಅಥವಾ ಅದರ ಜೊತೆ ಪಾಲಿಗ್ಲೈಕೋಲಿಕ್ ಆಸಿಡ್ ಸೇರಿಸಿ, ಮೂತ್ರಕೋಶದ ಆಕಾರದ ಹಂದರ ಮಾಡಿದರು. ಈ ಎರಡನೆಯದು ತಾನಾಗಿ ಕರಗುವ ಹೊಲಿಗೆ ದಾರದಲ್ಲೂ ಇರುವ ವಸ್ತು. ಹಂದರದ ಹೊರಮೈಗೆ ಸ್ನಾಯುವಿನ ಜೀವಕೋಶ, ಒಳಮೈಗೆ ಒಳಪದರದ್ದು. ಚೂರು ತೆಗೆದ ಸುಮಾರು 7 ವಾರಕ್ಕೆ ಅದನ್ನು ರೋಗಿಗೆ ಹೊಲಿದರು.

ಇಲ್ಲೊಂದು ಮಾತು. ಹಳೆಯದನ್ನು ಪೂರ್ತಿ ಕಿತ್ತು ಹೊಸ ಮೂತ್ರಕೋಶ ಕೂರಿಸಲಿಲ್ಲ. ಹಳೆಯದರ ಬುಡ ಉಳಿಸಿಕೊಂಡು, ಅದರ ಮೇಲೆ ಇದನ್ನು ಟೋಪಿಯ ಹಾಗೆ ಜೋಡಿಸಿದರು. ಜೊತೆಗೆ, ಒತ್ತಡ ಕಡಿಮೆಯಾಗಿ ಚೀಲ ಜಾಸ್ತಿ ಹಿಡಿಯುವಂತೆ ಆಗುವುದೇ ಒಂದು, ಮಾಮೂಲಿಯಂತೆ ಮೂತ್ರ ಮಾಡುವುದೇ ಇನ್ನೊಂದು. ನರದ ಸಂಪರ್ಕ ಇಲ್ಲದ ಗೋಡೆ ತಾನಾಗಿ ಹಿಂಡುವುದಿಲ್ಲ. ಖಾಲಿ ಮಾಡಲು ಕೆಥೆಟರ್, ಅಂದರೆ ಮೂತ್ರ ಹೊರತೆಗೆಯುವ ಸಣ್ಣ ಕೊಳವೆ, ಬೇಕೇ ಬೇಕು.

ಕರುಳು ಯಾಕೆ ಅಂದಿರಿ. ನನ್ನ ಲೆಕ್ಕದಲ್ಲಿ ಇಡೀ ವಿಷಯ ಇರುವುದು ರಕ್ತದಲ್ಲಿ. ಕರುಳಿನ ತುಂಡನ್ನು ಸರ್ಜನ್ ಹಾಗೇ ಕತ್ತರಿಸಿ ತರುವುದಿಲ್ಲ. ಅದಕ್ಕೆ ರಕ್ತ ತರುವ ಪೊರೆಯನ್ನು ಬಿಡಿಸದೆ, ರಕ್ತನಾಳಗಳ ಸಮೇತ ಎಳೆದು ತರುತ್ತಾರೆ. ಆಮೇಲೆ ಆ ಕೊಳವೆಯನ್ನು ಉದ್ದಕ್ಕೆ ಸೀಳಿ, ಬಟ್ಟೆಯ ಹಾಗೆ ಹರಡಿ, ತೇಪೆಯಾಗಿ ಹೊಲಿಯುತ್ತಾರೆ. ಸೀಳದೆ ಬಿಟ್ಟರೆ ಕರುಳು ತನ್ನ ಹಳೇ ಚಾಳಿಯಂತೆ ಹಿಂಡುತ್ತಲೇ ಇರುತ್ತದೆ! ಹೊಲಿದ ದಿನವೇ ಆ ತುಂಡಿಗೆ ರಕ್ತ ಹರಿಯುತ್ತಿರುತ್ತದೆ.

ಲ್ಯಾಬಿನ ಚೀಲಕ್ಕೆ ಆ ಭಾಗ್ಯ ಇಲ್ಲ. ರಕ್ತನಾಳದಿಂದ 0.2 ಮಿ.ಮೀ.ಗಿಂತ ದೂರ ಇರುವ ಜೀವಕೋಶಕ್ಕೆ ಆಕ್ಸಿಜನ್ ತಲುಪುವುದು ಕಷ್ಟ. ಹೊಸ ನಾಳಗಳು ಬೆಳೆದು ಬರುವಷ್ಟರಲ್ಲಿ ಒಳಗಿನವು ಸಾಯುತ್ತವೆ. ಆ ಜಾಗ ಗಟ್ಟಿಯಾಗಿ, ಕಲೆ ಕಟ್ಟಿ, ಚೀಲ ಮತ್ತೆ ಕುಗ್ಗುತ್ತದೆ. ಅದಕ್ಕೇ ಅಟಾಲಾ ತಂಡ ಕೆಲವರಲ್ಲಿ ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನು, ಅದರಲ್ಲಿ ರಕ್ತನಾಳ ಬೇಕಾದಷ್ಟು ಇರುತ್ತವೆ, ಹೊಸ ಚೀಲಕ್ಕೆ ಸುತ್ತಿತು. ಆ ರೀತಿ ಮಾಡಿದವರಲ್ಲೇ ಫಲಿತಾಂಶ ಚೆನ್ನಾಗಿತ್ತು.

ಆಮೇಲೆ ಬಂದದ್ದು ನಿರಾಸೆ. ಇದೇ ದಾರಿಯಲ್ಲಿ 10 ಮಕ್ಕಳ ಮೇಲೆ ನಡೆದ ಇನ್ನೊಂದು ಪರೀಕ್ಷೆಯ ವರದಿ 2014ರಲ್ಲಿ ಬಂತು. ಮೂತ್ರಕೋಶ ಹಿಗ್ಗುವ ಗುಣದಲ್ಲಾಗಲಿ, ಹಿಡಿಯುವ ಪ್ರಮಾಣದಲ್ಲಾಗಲಿ ಹೇಳಿಕೊಳ್ಳುವಂಥ ಸುಧಾರಣೆ ಇರಲಿಲ್ಲ. ಮೇಲಾಗಿ ಗಂಭೀರ ತೊಂದರೆಗಳೂ ಆದವು. 2006ರ ಸುದ್ದಿ ಎಲ್ಲರಿಗೂ ನೆನಪಿದೆ, ಈ ಸುದ್ದಿ ಯಾರಿಗೂ ನೆನಪಿಲ್ಲ.

ಬೆಳೆಸುವ ಜೀವಕೋಶ ಎಲ್ಲಿಂದ ತರುವುದು ಎಂಬ ಪ್ರಶ್ನೆಯೂ ಇದೆ. ಜೀವಕೋಶ ತೆಗೆಯುವುದು ಕಾಯಿಲೆ ಬಿದ್ದ ಮೂತ್ರಕೋಶದಿಂದಲೇ. ಕ್ಯಾನ್ಸರ್ ಆದವರಲ್ಲಂತೂ ಅದನ್ನು ಬೆಳೆಸುವ ಧೈರ್ಯ ಯಾರೂ ಮಾಡುವುದಿಲ್ಲ. ಅದಕ್ಕಾಗಿ ಅಸ್ಥಿಮಜ್ಜೆಯ ಕಾಂಡಕೋಶ (ಸ್ಟೆಮ್ ಸೆಲ್, ಬೇರೆ ಬೇರೆ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ಬಳಸುವ ಪ್ರಯೋಗ ಪ್ರಾಣಿಗಳಲ್ಲಿ ನಡೆದಿದೆ. ಪೂರ್ತಿ ಮೂತ್ರಕೋಶ ಕಸಿ ಮಾಡುವುದು ಬೇರೆಯೇ ದಾರಿ. ಮನುಷ್ಯರಲ್ಲಿ ಅದು ಮೊದಲು ಆದದ್ದು 2025ರ ಮೇ ತಿಂಗಳಲ್ಲಿ, ಲಾಸ್ ಏಂಜಲೀಸ್‌ನಲ್ಲಿ.

ಹಾಗಂತ ಕರುಳು ಬಹಳ ಒಳ್ಳೆಯದು ಅಂತ ಹೇಳುತ್ತಿಲ್ಲ. ಹೀರುವುದೇ ಅದರ ಕಸುಬು. ಮೂತ್ರದಲ್ಲಿ ಹೊರಗೆ ಹೋಗಬೇಕಾದ್ದನ್ನು ಮತ್ತೆ ರಕ್ತಕ್ಕೆ ಹೀರುತ್ತದೆ, ರಕ್ತದಲ್ಲಿ ಆಮ್ಲ ಜಾಸ್ತಿ ಆಗಬಹುದು. ಲೋಳೆ ಸುರಿಸುತ್ತದೆ. ಅದು ಕೆಥೆಟರ್ ಕಟ್ಟಿಕೊಳ್ಳುವಂತೆ ಮಾಡುತ್ತದೆ, ಕಲ್ಲಿಗೂ ದಾರಿ. ಸಣ್ಣ ಕರುಳಿನ ತುದಿಯ ಭಾಗ ತೆಗೆದರೆ ವರ್ಷಗಳು ಕಳೆದ ಮೇಲೆ ವಿಟಮಿನ್ ಬಿ12 ಕಡಿಮೆಯಾಗಬಹುದು. ಆದರೆ ಇವೆಲ್ಲ ಗೊತ್ತಿರುವ ತೊಂದರೆಗಳು, ನಿಭಾಯಿಸುವ ಅಭ್ಯಾಸ ಡಾಕ್ಟರಿಗೆ ಇದೆ.

ಆಪರೇಷನ್‌ಗೆ ಮುಂಚೆ ಡಾಕ್ಟರನ್ನು ಎರಡು ಮಾತು ಕೇಳಿ: ಲೋಳೆ ತೊಳೆಯುವುದು ಎಷ್ಟು ದಿನಕ್ಕೊಮ್ಮೆ, ರಕ್ತ ಪರೀಕ್ಷೆ ಯಾವಾಗ. ಕೆಥೆಟರ್ ತಾವೇ ಹಾಕಿಕೊಳ್ಳುವುದನ್ನು ನಿಮ್ಮ ಮನೆಯವರು ಈಗಲೇ ಕಲಿತುಕೊಳ್ಳಲಿ. ಹೊಲಿಗೆ ನೋವಿನ ಮಧ್ಯೆ ಕಲಿಯುವುದು ಬಹಳ ಕಷ್ಟ.