ಹಸಿರು ನೀರಿನೊಳಗಿನ ರಿಪೇರಿ

ಮುಂಬೈಯ ಮಾಟುಂಗದ ನಮ್ಮ ಕಟ್ಟಡದ ತಾರಸಿಯಲ್ಲಿ ಹಕ್ಕಿಗಳಿಗೆಂದು ಇಟ್ಟ ಮಣ್ಣಿನ ಬೋಗುಣಿ ಬೇಸಿಗೆ ಬಂತೆಂದರೆ ಹಸಿರಾಗುತ್ತದೆ. "ಪಾಚಿ ಕಟ್ಟಿದೆ, ತಿಕ್ಕಿ ತೊಳಿಯೇ" ಎನ್ನುತ್ತಾರೆ ಅತ್ತೆ. ತೊಳೆಯುವ ಮುಂಚೆ ಒಂದಿಷ್ಟು ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ನೋಡದೆ ನನಗಿರಲಾಗದು. ಕಾದ ಸಿಮೆಂಟಿನ ಮೇಲೆ ಈ ಜೀವಿಗಳು ಬೆಳಕಿನಿಂದ ಹೇಗೆ ಅಡುಗೆ (ದ್ಯುತಿಸಂಶ್ಲೇಷಣೆ) ಮಾಡಿಕೊಳ್ಳುತ್ತವೆ?

ಈ ಪ್ರಶ್ನೆಗೆ ಉತ್ತರ ಹುಡುಕುವವರ ನೆಚ್ಚಿನ ಹಸಿರು ಪಾಚಿ ಕ್ಲಾಮಿಡೊಮೊನಾಸ್. ಉದ್ದ ಸುಮಾರು 10 ಮೈಕ್ರೊಮೀಟರ್. ನೂರು ಸೇರಿದರೆ ಒಂದು ಮಿಲಿಮೀಟರ್. 25 ಡಿಗ್ರಿಯಲ್ಲಿ ಸುಖವಾಗಿರುವ ಇದಕ್ಕೆ 40 ಡಿಗ್ರಿ ಎಂದರೆ ಸಂಕಟ.

ಮೊದಲ ಪೆಟ್ಟು ಬೀಳುವ ಜಾಗಗಳಲ್ಲೊಂದು ಫೋಟೊಸಿಸ್ಟಂ-2 ಎಂಬ ಪ್ರೋಟೀನ್ ಗುಂಪು. ನೀರನ್ನು ಒಡೆದು ಆಮ್ಲಜನಕ ಬಿಡುವುದು ಇದೇ. ಅದರ ಒಡಲಲ್ಲಿ 4 ಮ್ಯಾಂಗನೀಸ್, 1 ಕ್ಯಾಲ್ಸಿಯಂ ಪರಮಾಣುಗಳ ಪುಟ್ಟ ಗೊಂಚಲಿದೆ. ಶಾಖ ಏರಿದಾಗ ಗೊಂಚಲನ್ನು ಕಾಯುವ ಪ್ರೋಟೀನುಗಳು ಸಡಿಲಗೊಂಡು, ಮ್ಯಾಂಗನೀಸ್ ಕಳಚಿಕೊಳ್ಳುತ್ತದೆ.

ಆದರೆ ನನ್ನ ಮನಸ್ಸು ಹಿಡಿದದ್ದು ಈ ಗೊಂಚಲಿನ ಪಕ್ಕದಲ್ಲೇ ಇರುವ, ಫೋಟೊಸಿಸ್ಟಂ-2ರದೇ ಭಾಗವಾದ ಡಿ-1 ಪ್ರೋಟೀನ್. ಬಿಸಿಲು ಬಿದ್ದರೆ ಸಾಕು, ತಂಪಿನಲ್ಲೂ ಅದು ಸವೆಯುತ್ತಲೇ ಇರುತ್ತದೆ. ಹಾಳಾದ ಫೋಟೊಸಿಸ್ಟಂ-2 ತಾನು ಕೂತ ಪೊರೆಯ ಒತ್ತೊತ್ತಾದ ಮಡಿಕೆಗಳಿಂದ ತೆರೆದ ಭಾಗಕ್ಕೆ ಸರಿಯುತ್ತದೆ. ಕಿಣ್ವಗಳು ಹಳೆಯ ಡಿ-1 ಅನ್ನು ಕತ್ತರಿಸಿ ತೆಗೆಯುತ್ತವೆ, ಹೊಸದು ಸೇರುತ್ತದೆ. ನಮ್ಮ ಮನೆಯ ಹತ್ತಿರದ ಮಾಟುಂಗ ರೈಲ್ವೆ ವರ್ಕ್‌ಶಾಪ್ 1915ರಿಂದ ಮಾಡುತ್ತಿರುವ ಕೆಲಸವೂ ಇಂಥದ್ದೇ. ಓಡಿ ದಣಿದ ಡಬ್ಬಿಗಳು ಅಲ್ಲಿಗೆ ಹೋಗಿ, ಬಿಚ್ಚಿಸಿಕೊಂಡು, ಮತ್ತೆ ಹಳಿಗೆ ಬರುತ್ತವೆ. ವ್ಯತ್ಯಾಸವೆಂದರೆ, ಪಾಚಿಯಲ್ಲಿ ಇದು ಕೆಲವೇ ಗಂಟೆಗಳ ಮಾತು.

ಹೊಸ ಪ್ರೋಟೀನ್ ಕಟ್ಟುವುದನ್ನು ಆ್ಯಂಟಿಬಯೋಟಿಕ್ ಹಾಕಿ ನಿಲ್ಲಿಸಿದರೆ, ಅದೇ ಬೆಳಕಿನಲ್ಲಿ ಫೋಟೊಸಿಸ್ಟಂ-2 ಬೇಗನೆ ಕುಸಿಯುತ್ತದೆ. ಅಂದರೆ ಅಷ್ಟು ಹೊತ್ತು ಅದನ್ನು ಉಳಿಸಿದ್ದು ರಿಪೇರಿ. ಶಾಖದ ಕೇಡು ಇಲ್ಲಿಯೇ ದೊಡ್ಡದು: ಸೆಕೆಯಲ್ಲಿ ಹುಟ್ಟುವ ಉಗ್ರ ಆಮ್ಲಜನಕದ ಅಣುಗಳು ಹೊಸ ಡಿ-1 ತಯಾರಿಕೆಯನ್ನೇ ತಡೆಯುತ್ತವೆ. ಸವೆತ ನಿಲ್ಲುವುದಿಲ್ಲ, ವರ್ಕ್‌ಶಾಪ್ ಮುಚ್ಚಿರುತ್ತದೆ.

ಇಂಗಾಲ ಹಿಡಿಯುವ ಕಿಣ್ವ ರುಬಿಸ್ಕೊವನ್ನು ಎಚ್ಚರವಾಗಿಡುವ ರುಬಿಸ್ಕೊ ಆಕ್ಟಿವೇಸ್ ಕೂಡ ಸೆಕೆಗೆ ಬಲು ಸೂಕ್ಷ್ಮ.

ಪಾಚಿ ಸುಮ್ಮನೆ ಕೂರುವುದಿಲ್ಲ. ಬಿಸಿ ತಟ್ಟಿದ ಕೆಲವೇ ನಿಮಿಷಗಳಲ್ಲಿ ಶಾಖದ ಪೆಟ್ಟಿನಿಂದ ಕಾಯುವ ಹೀಟ್ ಶಾಕ್ ಪ್ರೋಟೀನುಗಳ ತಯಾರಿಗೆ ತೊಡಗುತ್ತದೆ. ಅವುಗಳಲ್ಲಿ ಎಚ್‌ಎಸ್‌ಪಿ70ಬಿ ಎಂಬುದು ಪೆಟ್ಟು ತಿಂದ ಫೋಟೊಸಿಸ್ಟಂ-2ರ ಬಳಿ ನಿಂತು, ಬಿಡಿಭಾಗಗಳು ಚದುರದಂತೆ ನೋಡಿಕೊಳ್ಳುತ್ತದೆ.

ನಿನ್ನೆ ಬೋಗುಣಿಯನ್ನು ನೀರಿನ ಟ್ಯಾಂಕಿನ ನೆರಳಿಗೆ ಸರಿಸಿದೆ. ಹಕ್ಕಿಗಳಿಗೂ ತಂಪು.